ಜಾಮೀನಾಗಿದೆ, ಮಗ ಇನ್ನೂ ಯಾಕೆ ಮನೆಗೆ ಬಂದಿಲ್ಲ?

ಸೂರಃ ಯೂಸುಫ್ ಕುರಿತ ಜುಮಾ ಖುತ್ಬಾದ ಸಾರಾಂಶ ಪ್ರಕಟವಾದ ಕೆಲವು ದಿನಗಳಲ್ಲಿ ಒಬ್ಬ ತಾಯಿ ನಮ್ಮಲ್ಲಿಗೆ ಬಂದರು. ಅವರ ಮಗ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ ಯುವಕ. ಒಂದು ಹೊಡೆದಾಟದ ಪ್ರಕರಣದಲ್ಲಿ ಬಂಧನವಾಗಿ ನಾಲ್ಕು ತಿಂಗಳು ಕಳೆದಿತ್ತು. “ಜಾಮೀನು ಆಗಿದೆ ಅಂತ ವಕೀಲರು ಹೇಳಿ ಇಪ್ಪತ್ತೆರಡು ದಿನ ಆಯ್ತು. ಮಗ ಇನ್ನೂ ಬಂದಿಲ್ಲ. ಜೈಲಿಗೆ ಹೋದ್ರೆ ಕೋರ್ಟಲ್ಲಿ ಕೇಳಿ ಅಂತಾರೆ, ಕೋರ್ಟಿಗೆ ಹೋದ್ರೆ ವಕೀಲರನ್ನ ಕೇಳಿ ಅಂತಾರೆ. ನಾನು ಯಾರನ್ನ ಕೇಳ್ಲಿ?” ಎಂದರು.

ಅವರು ಮೆಲುದನಿಯಲ್ಲಿ ಮಾತನಾಡುತ್ತಿದ್ದರು. ಮಗ ಜೈಲಿನಲ್ಲಿದ್ದಾನೆಂದು ಅಕ್ಕಪಕ್ಕದವರಿಗೆ ಹೇಳಿರಲಿಲ್ಲ. ಊರಿಗೆ ಹೋಗಿದ್ದಾನೆ ಎಂದಷ್ಟೇ ಹೇಳಿಕೊಂಡು ಬಂದಿದ್ದರು. ನಮ್ಮಲ್ಲಿ ಇಂತಹ ಮನೆಗಳು ಇನ್ನೆಷ್ಟು ಇವೆಯೋ ಅಲ್ಲಾಹನೇ ಬಲ್ಲನು. ಆದ್ದರಿಂದ ಈ ಬಾರಿ, ನಮ್ಮ ದೇಶದ ಸೆರೆಮನೆ ವ್ಯವಸ್ಥೆ ಹೇಗೆ ನಡೆಯುತ್ತದೆ, ಒಳಗೆ ಹೋದವರು ಹೊರಗೆ ಬರಲು ಯಾವ ಯಾವ ದಾರಿಗಳಿವೆ, ಆ ದಾರಿಯಲ್ಲಿ ಕುಟುಂಬ ಮತ್ತು ಜಮಾಅತ್ ಮಾಡಬೇಕಾದದ್ದೇನು ಎಂಬುದನ್ನು ಆದಷ್ಟು ಸರಳವಾಗಿ ವಿವರಿಸುತ್ತಿದ್ದೇವೆ.

ಸೆರೆಮನೆಯಲ್ಲೊಬ್ಬ ಪ್ರವಾದಿ

ಮೊದಲು ಆ ಖುತ್ಬಾದ ಮಾತನ್ನು ನೆನಪಿಸಿಕೊಳ್ಳೋಣ. ಪ್ರವಾದಿ ಯೂಸುಫ್(ಅ) ನಿರಪರಾಧಿ ಎಂಬುದರ ಸೂಚನೆಗಳನ್ನು ಕಣ್ಣಾರೆ ಕಂಡ ಬಳಿಕವೂ ಆಳುವವರು ಅವರನ್ನು ಸೆರೆಗೆ ಹಾಕಿದರು ಎಂದು ಕುರ್‌ಆನ್ ತಿಳಿಸುತ್ತದೆ (12:35). ಜೊತೆಗಿದ್ದ ಇಬ್ಬರು ಕೈದಿಗಳ ಪೈಕಿ ಬಿಡುಗಡೆಯಾಗಲಿದ್ದವನಿಗೆ, ನಿನ್ನ ಒಡೆಯನ ಬಳಿ ನನ್ನ ವಿಷಯ ಹೇಳು ಎಂದು ಯೂಸುಫ್(ಅ) ಕೇಳಿಕೊಂಡರು. ಆತ ಹೊರಗೆ ಹೋದ, ಮರೆತುಬಿಟ್ಟ. ಯೂಸುಫ್(ಅ) ಮತ್ತೆ ಹಲವು ವರ್ಷ ಒಳಗೇ ಉಳಿದರು (12:42).

ಇದರಲ್ಲಿ ಎರಡು ಪಾಠಗಳಿವೆ. ಸೆರೆಮನೆಯಲ್ಲಿ ಇದ್ದಾನೆ ಎಂಬ ಮಾತ್ರಕ್ಕೆ ಒಬ್ಬ ಅಪರಾಧಿಯಾಗುವುದಿಲ್ಲ. ಮತ್ತು, ಒಬ್ಬನ ಸೆರೆವಾಸ ವರ್ಷಗಟ್ಟಲೆ ಬೆಳೆಯಲು ಯಾರದೋ ದುಷ್ಟತನವೇ ಬೇಕಾಗಿಲ್ಲ, ಹೊರಗಿರುವವರು ಮರೆತರೆ ಸಾಕು.

ಒಳಗಿರುವವರು ಯಾರು?

ನಮ್ಮ ಸಂವಿಧಾನದ ಪ್ರಕಾರ ಸೆರೆಮನೆಗಳು ರಾಜ್ಯಗಳ ವಿಷಯ. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ. ಬೆಂಗಳೂರಿನ ಪರಪ್ಪನ ಅಗ್ರಹಾರ, ಬೆಳಗಾವಿಯ ಹಿಂಡಲಗಾ, ಮೈಸೂರು, ಬಳ್ಳಾರಿ, ಕಲಬುರಗಿ, ವಿಜಯಪುರ ಮುಂತಾದ ಕಡೆ ಕೇಂದ್ರ ಕಾರಾಗೃಹಗಳಿವೆ. ಅವುಗಳ ಜೊತೆ ಜಿಲ್ಲಾ ಕಾರಾಗೃಹಗಳು ಮತ್ತು ತಾಲೂಕು ಮಟ್ಟದ ಸಣ್ಣ ಜೈಲುಗಳೂ ಇವೆ. ಬ್ರಿಟಿಷರು 1894ರಲ್ಲಿ ಮಾಡಿದ ಕಾರಾಗೃಹ ಕಾಯ್ದೆಯೇ ಬಹಳ ಕಾಲ ದೇಶದ ವ್ಯವಸ್ಥೆಗೆ ತಳಹದಿಯಾಗಿತ್ತು. ಕೈದಿಯನ್ನು ಕಾವಲಿನಲ್ಲಿಡುವುದು, ಶಿಸ್ತಿನಲ್ಲಿಡುವುದು ಅದರ ಮುಖ್ಯ ಕಾಳಜಿ. 2023ರಲ್ಲಿ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗಾಗಿ ಹೊಸ ಮಾದರಿ ಕಾಯ್ದೆಯೊಂದನ್ನು ಸಿದ್ಧಪಡಿಸಿತು. ಅದರ ಹೆಸರಿನಲ್ಲೇ ‘ಸುಧಾರಣಾ ಸೇವೆಗಳು’ ಎಂಬ ಮಾತಿದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಜೈಲುಗಳ ಅಂಕಿಅಂಶ ಪ್ರಕಟಿಸುತ್ತದೆ. 2022ರ ಡಿಸೆಂಬರ್ 31ರ ಲೆಕ್ಕ ಹೀಗಿದೆ: ದೇಶದಲ್ಲಿ 1,330 ಜೈಲುಗಳು. ಅವುಗಳಲ್ಲಿ 4,36,266 ಜನರಿಗೆ ಜಾಗ. ಆದರೆ ಒಳಗಿದ್ದವರು 5,73,220 ಮಂದಿ. ಅಂದರೆ ನೂರು ಜನರ ಜಾಗದಲ್ಲಿ 131 ಜನ. ಈ ಪೈಕಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅವರ ಮೇಲಿನ ಆರೋಪವನ್ನು ಯಾವ ನ್ಯಾಯಾಲಯವೂ ಇನ್ನೂ ಎತ್ತಿಹಿಡಿದಿರಲಿಲ್ಲ. ಜೈಲಿನಲ್ಲಿರುವ ಪ್ರತಿ ನಾಲ್ವರಲ್ಲಿ ಮೂವರು ಇಂಥವರು. ಐದು ವರ್ಷಕ್ಕೂ ಮೀರಿ ವಿಚಾರಣೆಯಲ್ಲೇ ಒಳಗೆ ಉಳಿದವರ ಸಂಖ್ಯೆ 11 ಸಾವಿರಕ್ಕಿಂತ ಹೆಚ್ಚು.

2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 14.2. ಜೈಲಿನ ಲೆಕ್ಕದಲ್ಲಿ ನಮ್ಮ ಪಾಲು ಇದಕ್ಕಿಂತ ಹೆಚ್ಚು. ದಲಿತರ ಮತ್ತು ಆದಿವಾಸಿಗಳ ಪಾಲೂ ಅವರ ಜನಸಂಖ್ಯೆಯ ಪಾಲನ್ನು ಮೀರುತ್ತದೆ. ಇದನ್ನು ಹೇಳಿ ಕೊರಗುತ್ತಾ ಕೂರುವುದು ನಮ್ಮ ಉದ್ದೇಶವಲ್ಲ. ಬಡತನ, ಅಕ್ಷರದ ಕೊರತೆ, ವಕೀಲರ ಕೊರತೆ, ಜಾಮೀನು ನಿಲ್ಲುವವರ ಕೊರತೆ ಇರುವ ಕಡೆ ಜನ ಹೆಚ್ಚು ಕಾಲ ಒಳಗೆ ಉಳಿಯುತ್ತಾರೆ. ಈ ಕೊರತೆಗಳಲ್ಲಿ ಕೆಲವನ್ನಾದರೂ ನಾವೇ ನೀಗಿಸಬಹುದು.

ಒಳಗಿನ ದಿನಗಳು

ಸೆರೆಗೆ ಹೋದ ಮೇಲೂ ಮನುಷ್ಯನ ಮೂಲಭೂತ ಹಕ್ಕುಗಳು ಉಳಿಯುತ್ತವೆ ಎಂದು ಸುಪ್ರೀಂ ಕೋರ್ಟ್ 1978ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಸ್ವಾತಂತ್ರ್ಯಕ್ಕೆ ಮಿತಿ ಬೀಳುತ್ತದೆ, ಮಾನಕ್ಕೆ ಅಲ್ಲ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಎಂಬ ಪತ್ರಕರ್ತೆಯ ಅರ್ಜಿಯ ಮೇಲೆ ಇನ್ನೊಂದು ತೀರ್ಪು ಬಂತು. ಜೈಲಿನಲ್ಲಿ ಜಾತಿ ನೋಡಿ ಅಡುಗೆ ಕೆಲಸ, ಕಸ ಬಳಿಯುವ ಕೆಲಸ ಹಂಚುವ ಹಳೆಯ ನಿಯಮಗಳನ್ನು ನ್ಯಾಯಾಲಯ ರದ್ದುಗೊಳಿಸಿತು.

ವಿಚಾರಣಾಧೀನ ಕೈದಿಗೂ ಶಿಕ್ಷೆಯಾದ ಕೈದಿಗೂ ವ್ಯತ್ಯಾಸವಿದೆ. ಮೊದಲನೆಯವನು ಮನೆಯ ಬಟ್ಟೆ ತೊಡಬಹುದು, ಅವನನ್ನು ಬಲವಂತವಾಗಿ ದುಡಿಸುವಂತಿಲ್ಲ. ಎರಡನೆಯವನಿಗೆ ನೇಯ್ಗೆ, ಬಡಗಿ ಕೆಲಸ, ಬೇಕರಿ, ಹೊಲಿಗೆ, ತೋಟ ಮುಂತಾದ ಕೆಲಸ ಕೊಡುತ್ತಾರೆ. ದುಡಿಮೆಗೆ ಕೂಲಿ ಇದೆ. ಕರ್ನಾಟಕ ತನ್ನ ಕೈದಿಗಳ ದಿನಗೂಲಿಯನ್ನು 500 ರೂಪಾಯಿಗಿಂತ ಮೇಲಕ್ಕೆ ಏರಿಸಿದೆ. ಕೈದಿಯ ಕೂಲಿಯ ಒಂದು ಭಾಗ ಅವನ ಅಪರಾಧದಿಂದ ನೊಂದವರಿಗೆ ಸಲ್ಲುವ ವ್ಯವಸ್ಥೆ ಬೇಕೆಂದು ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿತು. ನಮಗೆ ಇದು ಹೊಸ ವಿಚಾರವಲ್ಲ. ಒಬ್ಬ ಮನುಷ್ಯನಿಗೆ ಅನ್ಯಾಯ ಮಾಡಿದವನ ತೌಬಾ, ಆ ಮನುಷ್ಯನ ಹಕ್ಕನ್ನು ಮರಳಿಸದೆ ಪೂರ್ಣವಾಗುವುದಿಲ್ಲ ಎಂದೇ ನಾವು ಕಲಿತಿದ್ದೇವೆ.

ಓದುವವರಿಗೆ ಹಲವು ಜೈಲುಗಳಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಹಾಗೂ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಕೇಂದ್ರಗಳಿವೆ. ನಮ್ಮ ರಾಜ್ಯದಲ್ಲಿ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟಿಮನಿಯವರು ಕೈದಿಗಳಿಂದ ನಾಟಕ ಆಡಿಸಿ, ಅವರನ್ನು ಜೈಲಿನ ಹೊರಗಿನ ರಂಗಮಂದಿರಗಳಿಗೂ ಕರೆತಂದರು. ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆಯಿದೆ. ಒಳ್ಳೆಯ ನಡತೆಯ ಶಿಕ್ಷಾಬಂದಿಗಳು ಅಲ್ಲಿ ಬೇಸಾಯ ಮಾಡುತ್ತಾರೆ. ರಾಜಸ್ಥಾನದ ಸಾಂಗಾನೇರ್ ಬಯಲು ಬಂದೀಖಾನೆಯಲ್ಲಿ ಕೈದಿಗಳು ಹೆಂಡತಿ ಮಕ್ಕಳ ಜೊತೆಗೇ ವಾಸಿಸುತ್ತಾರೆ, ಹಗಲು ಹೊರಗೆ ದುಡಿದು ಸಂಜೆ ಹಾಜರಿಗೆ ಮರಳುತ್ತಾರೆ. ನಂಬಿಕೆಯಿಟ್ಟರೆ ಮನುಷ್ಯ ನಂಬಿಕೆ ಉಳಿಸಿಕೊಳ್ಳುತ್ತಾನೆ ಎಂಬುದಕ್ಕೆ ಇದು ದೊಡ್ಡ ಸಾಕ್ಷಿ.

ಇಸ್ಲಾಮಿನ ಇತಿಹಾಸದಲ್ಲಿ ಇಂತಹ ನಂಬಿಕೆಯ ಮಾದರಿಗಳು ಇವೆ. ಬದ್ರ್‌ನ ಸೆರೆಯಾಳುಗಳ ಪೈಕಿ ಓದು ಬರಹ ಬಲ್ಲವರು ಮದೀನಾದ ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಅದೇ ಅವರ ಬಿಡುಗಡೆಯ ಬೆಲೆಯಾಗಿತ್ತು ಎಂದು ಚರಿತ್ರೆ ಹೇಳುತ್ತದೆ. ಸುಮಾಮಾ ಬಿನ್ ಉಸಾಲ್ ಎಂಬ ಮುಖಂಡ ಸೆರೆ ಸಿಕ್ಕಾಗ ಪ್ರವಾದಿ(ಸ)ರ ಮಸೀದಿಯ ಕಂಬಕ್ಕೇ ಕಟ್ಟಲಾಗಿತ್ತು. ಪ್ರವಾದಿ(ಸ) ದಿನವೂ ಅವರ ಬಳಿ ಬಂದು ಮಾತನಾಡಿಸಿದರು, ಮೂರನೆಯ ದಿನ ಯಾವ ಷರತ್ತೂ ಇಲ್ಲದೆ ಬಿಟ್ಟುಬಿಟ್ಟರು. ಬಿಡುಗಡೆಯಾದ ಮೇಲೆ ಅವರು ತಾವಾಗಿ ಮರಳಿ ಬಂದು ಇಸ್ಲಾಮ್ ಸ್ವೀಕರಿಸಿದರು. ಇಮಾಮ್ ಅಬೂ ಹನೀಫಾರ ಶಿಷ್ಯರೂ ಖಲೀಫಾ ಹಾರೂನ್ ರಶೀದರ ಮುಖ್ಯ ನ್ಯಾಯಾಧೀಶರೂ ಆಗಿದ್ದ ಇಮಾಮ್ ಅಬೂ ಯೂಸುಫ್ ತಮ್ಮ ‘ಕಿತಾಬುಲ್ ಖರಾಜ್’ನಲ್ಲಿ ಖಲೀಫರಿಗೆ ಬರೆದ ಸಲಹೆಗಳನ್ನು ನೋಡಿ: ಕೈದಿಗಳಿಗೆ ಖಜಾನೆಯಿಂದಲೇ ಊಟದ ಖರ್ಚು ಕೊಡಬೇಕು, ಬೇಸಿಗೆಗೂ ಚಳಿಗೂ ಬಟ್ಟೆ ಕೊಡಬೇಕು, ಅವರನ್ನು ಸರಪಳಿ ಹಾಕಿ ಭಿಕ್ಷೆಗೆ ಕಳಿಸಬಾರದು, ಅವರ ಪ್ರಕರಣಗಳನ್ನು ತಡಮಾಡದೆ ಪರಿಶೀಲಿಸುತ್ತಿರಬೇಕು. ಸಾವಿರದ ಇನ್ನೂರು ವರ್ಷಗಳ ಹಿಂದಿನ ಮಾತುಗಳಿವು.

ವಿಚಾರಣಾಧೀನ ಕೈದಿಗೆ ಇರುವ ಬಾಗಿಲುಗಳು

ಈಗ ಬಿಡುಗಡೆಯ ದಾರಿಗಳನ್ನು ಒಂದೊಂದಾಗಿ ನೋಡೋಣ. 2024ರ ಜುಲೈ 1ರಿಂದ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಸೆಕ್ಷನ್‌ಗಳ ಸಂಖ್ಯೆ ಬದಲಾಗಿರುವುದರಿಂದ ಹೊಸ ಸಂಖ್ಯೆಗಳನ್ನೇ ಕೊಡುತ್ತಿದ್ದೇವೆ.

ಮೊದಲನೆಯದು, ಜಾಮೀನು ಸಿಗುವಂತಹ ಸಣ್ಣ ಅಪರಾಧಗಳು (ಸೆಕ್ಷನ್ 478). ಇಲ್ಲಿ ಜಾಮೀನು ಆರೋಪಿಯ ಹಕ್ಕು. ಒಂದು ವಾರದೊಳಗೆ ಜಾಮೀನುದಾರರನ್ನು ಒದಗಿಸಲಾಗದವನನ್ನು ಬಡವನೆಂದೇ ಭಾವಿಸಿ, ಅವನದೇ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕು.

ಎರಡನೆಯದು, ಪೊಲೀಸರು ಆರೋಪಪಟ್ಟಿ ಸಲ್ಲಿಸಲು ಇರುವ ಗಡುವು (ಸೆಕ್ಷನ್ 187). ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನ. ಅಷ್ಟರಲ್ಲಿ ಆರೋಪಪಟ್ಟಿ ಬಾರದಿದ್ದರೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ. ಆದರೆ ಕೇಳಬೇಕು. ಅರ್ಜಿ ಹಾಕುವ ಮೊದಲೇ ಆರೋಪಪಟ್ಟಿ ಬಂದುಬಿಟ್ಟರೆ ಆ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಬಂಧನದ ದಿನಾಂಕ ಮತ್ತು ಮೊದಲ ಬಾರಿ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದ ದಿನಾಂಕವನ್ನು ಮನೆಯವರು ಬರೆದಿಟ್ಟುಕೊಳ್ಳಬೇಕು. ಯುಎಪಿಎಯಂತಹ ವಿಶೇಷ ಕಾಯ್ದೆಗಳಲ್ಲಿ ನ್ಯಾಯಾಲಯ ಈ ಗಡುವನ್ನು 180 ದಿನಗಳವರೆಗೂ ವಿಸ್ತರಿಸಬಹುದು.

ಮೂರನೆಯದು, ದೀರ್ಘಕಾಲ ಒಳಗಿರುವವರಿಗೆ (ಸೆಕ್ಷನ್ 479). ಆರೋಪಿತ ಅಪರಾಧಕ್ಕೆ ಕಾನೂನು ಹೇಳುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು ವಿಚಾರಣೆಯಲ್ಲೇ ಕಳೆದವನು ಜಾಮೀನಿಗೆ ಅರ್ಹ. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವನಿಗೆ ಮೂರನೇ ಒಂದು ಭಾಗ ಕಳೆದರೆ ಸಾಕು. ಉದಾಹರಣೆಗೆ, ಸಾಮಾನ್ಯ ಕಳವಿಗೆ ಗರಿಷ್ಠ 3 ವರ್ಷ ಶಿಕ್ಷೆ. ಮೊದಲ ಸಲ ಸಿಕ್ಕಿಬಿದ್ದವನು ಒಂದು ವರ್ಷ ಒಳಗೆ ಕಳೆದಿದ್ದರೆ ಅರ್ಹನಾಗುತ್ತಾನೆ. ಈ ಅವಧಿ ತುಂಬಿದಾಗ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸುವುದು ಜೈಲು ಸೂಪರಿಂಟೆಂಡೆಂಟರ ಕರ್ತವ್ಯ. ಹೊಸ ಕಾನೂನು ಬರುವ ಮೊದಲೇ ದಾಖಲಾದ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 23ರಂದು ಆದೇಶಿಸಿತು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಈ ಸೌಲಭ್ಯವಿಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿ ಇರುವವರಿಗೂ ಇಲ್ಲ.

ಇದಲ್ಲದೆ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಇರುತ್ತದೆ. ಯಾರು ಅನಗತ್ಯವಾಗಿ ಒಳಗೆ ಉಳಿದಿದ್ದಾರೆಂದು ನೋಡುವುದು ಅದರ ಕೆಲಸ.

ವಕೀಲರಿಗೆ ಕೊಡಲು ಹಣವಿಲ್ಲ ಎನ್ನುವವರು ತಿಳಿದಿರಬೇಕಾದ ಮಾತು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯಲು ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಸಹಾಯವಾಣಿ ಸಂಖ್ಯೆ 15100.

ಈ ಹಕ್ಕುಗಳ ಹಿಂದೆಯೂ ಒಬ್ಬ ಮುಸ್ಲಿಂ ಮಹಿಳೆಯ ಹೆಸರಿದೆ. ಬಿಹಾರದ ಜೈಲುಗಳಲ್ಲಿ, ಅಪರಾಧ ಸಾಬೀತಾಗಿದ್ದರೆ ಆಗಬಹುದಾಗಿದ್ದ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಗೆ ಕಾಯುತ್ತಾ ಇದ್ದವರ ಕುರಿತು ಪೊಲೀಸ್ ಅಧಿಕಾರಿ ಕೆ.ಎಫ್. ರುಸ್ತಮ್‌ಜಿ ಪತ್ರಿಕೆಯಲ್ಲಿ ಬರೆದರು. ಅದನ್ನು ಓದಿದ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಒಳಗಿದ್ದವರಲ್ಲೊಬ್ಬರು ಹುಸೈನಾರಾ ಖಾತೂನ್. 1979ರ ಆ ಪ್ರಕರಣ ಅವರ ಹೆಸರಿನಲ್ಲೇ ಪ್ರಸಿದ್ಧ. ಶೀಘ್ರ ವಿಚಾರಣೆ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಅಲ್ಲಿ ಘೋಷಣೆಯಾಯಿತು. ಅದರಿಂದಾಗಿ ಬಿಡುಗಡೆಯಾದವರು ಸಾವಿರಾರು ಮಂದಿ. ಬರೆದವರು ಮುಸ್ಲಿಮರಲ್ಲ, ವಾದಿಸಿದವರು ಮುಸ್ಲಿಮರಲ್ಲ. ಒಳಗಿದ್ದವರನ್ನು ಅವರು ಮರೆಯಲಿಲ್ಲ, ಅಷ್ಟೇ.

ಜಾಮೀನಿನ ಆದೇಶದಿಂದ ಜೈಲಿನ ಗೇಟಿನವರೆಗೆ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಜಾಮೀನು ‘ಆಗುವುದು’ ಬೇರೆ, ಬಿಡುಗಡೆ ಬೇರೆ. ನ್ಯಾಯಾಲಯ ಜಾಮೀನು ನೀಡಿದಾಗ ಷರತ್ತುಗಳನ್ನೂ ಹಾಕುತ್ತದೆ: ಇಷ್ಟು ಮೊತ್ತದ ಮುಚ್ಚಳಿಕೆ, ಇಷ್ಟು ಜನ ಜಾಮೀನುದಾರರು. ಜಾಮೀನುದಾರರು ಪಹಣಿ, ಮನೆಯ ಖಾತಾ, ತೆರಿಗೆ ರಸೀದಿ ಮುಂತಾದ ಆಸ್ತಿಯ ದಾಖಲೆ ಮತ್ತು ಗುರುತಿನ ಚೀಟಿಯೊಂದಿಗೆ ನ್ಯಾಯಾಲಯದ ಮುಂದೆ ಹಾಜರಾಗಬೇಕು. ದಾಖಲೆ ಒಪ್ಪಿಗೆಯಾದ ಮೇಲೆ ಬಿಡುಗಡೆ ಆದೇಶ ಜೈಲಿಗೆ ಹೋಗುತ್ತದೆ. ಬೇರೆ ಪ್ರಕರಣದಲ್ಲಿ ಬಾಡಿ ವಾರಂಟ್ ಇದೆಯೇ ಎಂದು ಜೈಲಿನವರು ನೋಡುತ್ತಾರೆ. ಇಲ್ಲವಾದರೆ ಬಿಡುತ್ತಾರೆ. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಮನುಷ್ಯ ಒಳಗೇ ಉಳಿಯುತ್ತಾನೆ.

ಅವರ ಮಗನ ವಿಷಯದಲ್ಲಿ ತಪ್ಪಿದ್ದು ಜಾಮೀನುದಾರರ ಕೊಂಡಿ. ಮೊಹಲ್ಲಾದಲ್ಲಿ ಸ್ವಂತ ಮನೆಯಿದ್ದ ಇಬ್ಬರು, ನಮಗ್ಯಾಕೆ ಕೋರ್ಟಿನ ಸಹವಾಸ ಎಂದು ಹಿಂದೆ ಸರಿದಿದ್ದರು. ತಾಯಿಯ ಅಣ್ಣನಿಗೆ ಜಮೀನಿತ್ತು, ಆದರೆ ಬೇರೆ ಜಿಲ್ಲೆಯಲ್ಲಿ. ಅದು ನಡೆಯುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಅವರು ಸುಮ್ಮನಾಗಿದ್ದರು.

ಇದೇ ಸಮಸ್ಯೆ 1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಮ್ಯಾಜಿಸ್ಟ್ರೇಟರು 10 ಸಾವಿರ ರೂಪಾಯಿಯ ಜಾಮೀನು ಕೇಳಿದ್ದರು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಆ ಜಾಮೀನನ್ನೂ ತಳ್ಳಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಖಂಡಿಸಿ ಮೊತ್ತವನ್ನು ಒಂದು ಸಾವಿರಕ್ಕೆ ಇಳಿಸಿದರು. ಹೊರ ಜಿಲ್ಲೆಯ ಜಾಮೀನುದಾರ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವುದು ಸರಿಯಲ್ಲವೆಂದರು.

2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇನ್ನಷ್ಟು ಸ್ಪಷ್ಟ ನಿರ್ದೇಶನ ಕೊಟ್ಟಿದೆ. ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲಿಗೆ ಕಳಿಸಬೇಕು. ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನು ಒದಗಿಸಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಷರತ್ತು ಬಿಡುಗಡೆಯನ್ನು ತಡೆಯುವುದಾದರೆ ಅಂತಹ ಷರತ್ತು ಹಾಕದಿರುವುದು ಲೇಸು.

ಬಡ ಕೈದಿಗಳ ನೆರವಿಗಾಗಿ ಕೇಂದ್ರ ಸರ್ಕಾರದ ಒಂದು ಯೋಜನೆಯೂ 2023ರಿಂದ ಇದೆ. ಜಾಮೀನಿನ ಹಣ ಕಟ್ಟಲಾಗದ ವಿಚಾರಣಾಧೀನರಿಗೆ 40 ಸಾವಿರದವರೆಗೆ, ದಂಡ ಕಟ್ಟಲಾಗದೆ ಒಳಗಿರುವ ಶಿಕ್ಷಾಬಂದಿಗಳಿಗೆ 25 ಸಾವಿರದವರೆಗೆ ಎಂದು ಆರಂಭದಲ್ಲಿ ಮಿತಿ ನಿಗದಿಯಾಗಿತ್ತು. ಜಿಲ್ಲಾ ಮಟ್ಟದ ಸಮಿತಿಯೊಂದು ಇದನ್ನು ತೀರ್ಮಾನಿಸುತ್ತದೆ. ಮಾದಕ ವಸ್ತು, ಯುಎಪಿಎ, ಹಣ ಅಕ್ರಮ ವರ್ಗಾವಣೆ ಮತ್ತು ಭ್ರಷ್ಟಾಚಾರದ ಪ್ರಕರಣಗಳನ್ನು ಯೋಜನೆಯಿಂದ ಹೊರಗಿಡಲಾಗಿತ್ತು. ಇಂದಿನ ಮಿತಿ ಎಷ್ಟೆಂದು ಪ್ರಾಧಿಕಾರದ ಕಚೇರಿಯಲ್ಲೇ ಕೇಳುವುದು ಒಳ್ಳೆಯದು.

ನಾವು ಆ ತಾಯಿಯನ್ನು ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಕಳಿಸಿದೆವು. ಅಲ್ಲಿ ನೇಮಕವಾದ ವಕೀಲರು ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಅಣ್ಣನ ಪಹಣಿಗೆ ಒಪ್ಪಿಗೆ ಸಿಕ್ಕಿತು. ಒಂದು ಸಂಜೆ ಮಗ ಮನೆಗೆ ಬಂದ. ಅಲ್‌ಹಮ್ದುಲಿಲ್ಲಾಹ್. ಆದರೆ ಅವನು ಇಪ್ಪತ್ತೆರಡು ದಿನಗಳ ಹಿಂದೆಯೇ ಬರಬಹುದಿತ್ತು.

ಶಿಕ್ಷೆಯಾದವರ ಬಿಡುಗಡೆ

ಶಿಕ್ಷೆಯಾದವರಿಗೂ ದಾರಿಗಳಿವೆ. ವಿಚಾರಣೆಯ ಕಾಲದಲ್ಲಿ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯಬೇಕು (ಸೆಕ್ಷನ್ 468). ಒಳ್ಳೆಯ ನಡತೆಗೆ, ದುಡಿಮೆಗೆ ಶಿಕ್ಷೆಯ ದಿನಗಳಲ್ಲಿ ಕಡಿತ ಸಿಗುತ್ತದೆ. ತಂದೆ ತಾಯಿಯ ಮರಣ, ಮನೆಯವರ ಗಂಭೀರ ಕಾಯಿಲೆ, ಮದುವೆ ಇಂತಹ ಕಾರಣಗಳಿಗೆ ಪೆರೋಲ್ ಮೇಲೆ ಕೆಲವು ದಿನ ಹೊರಗೆ ಬರಬಹುದು. ಹೇಳಿದ ದಿನ ಹೇಳಿದ ಹೊತ್ತಿಗೆ ಮರಳುವುದು ಒಂದು ಅಮಾನತ್. ಒಬ್ಬ ತಪ್ಪಿಸಿಕೊಂಡರೆ, ಮುಂದೆ ಹತ್ತು ಮಂದಿಯ ಪೆರೋಲ್‌ಗೆ ಅಡ್ಡಿಯಾಗುತ್ತದೆ.

ಜೀವಾವಧಿ ಎಂದರೆ 14 ವರ್ಷ ಎಂಬ ಮಾತು ಊರೆಲ್ಲ ಇದೆ. ಅದು ತಪ್ಪು. ಜೀವಾವಧಿ ಎಂದರೆ ಉಳಿದ ಆಯುಷ್ಯವೆಲ್ಲ. ಮರಣದಂಡನೆಯೂ ವಿಧಿಸಬಹುದಾದ ಅಪರಾಧದಲ್ಲಿ ಜೀವಾವಧಿ ಶಿಕ್ಷೆಯಾದವನನ್ನು 14 ವರ್ಷ ತುಂಬುವ ಮೊದಲು ಸರ್ಕಾರ ಬಿಡುವಂತಿಲ್ಲ (ಸೆಕ್ಷನ್ 475) ಎಂಬುದಷ್ಟೇ ಆ ಸಂಖ್ಯೆಯ ಅರ್ಥ. ಆಮೇಲೆ ನಡತೆ, ಅಪರಾಧದ ಸ್ವರೂಪ ಮುಂತಾದವನ್ನು ನೋಡಿ ಸರ್ಕಾರ ಅವಧಿಪೂರ್ವ ಬಿಡುಗಡೆ ಮಾಡಬಹುದು. ಬಿಡುಗಡೆಯ ನೀತಿ ಇರುವ ರಾಜ್ಯಗಳು ಕೈದಿಯ ಅರ್ಜಿಗೆ ಕಾಯದೆ ತಾವೇ ಅರ್ಹರ ಪ್ರಕರಣ ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಹೇಳಿದೆ. ಹಾಗಿದ್ದರೂ ವರ್ಷ ಎಷ್ಟಾಯಿತೆಂದು ಲೆಕ್ಕ ಇಟ್ಟು ವಿಚಾರಿಸುವವರು ಹೊರಗೆ ಇದ್ದರೆ ಒಳ್ಳೆಯದು.

ಜಮಾಅತ್ ಏನು ಮಾಡಬಹುದು?

ಸತ್ಕರ್ಮಿಗಳ ಗುಣಗಳನ್ನು ಹೇಳುವಾಗ ಕುರ್‌ಆನ್, ಬಡವ ಮತ್ತು ಅನಾಥನ ಜೊತೆಗೇ ಸೆರೆಯಾಳನ್ನೂ ಹೆಸರಿಸುತ್ತದೆ. ಅವರಿಗೆ ಉಣಿಸುವವರನ್ನು ಹೊಗಳುತ್ತದೆ (76:8). ಹಸಿದವರಿಗೆ ಉಣಿಸಲು, ರೋಗಿಯನ್ನು ಸಂದರ್ಶಿಸಲು, ಸೆರೆಯಾಳನ್ನು ಬಿಡಿಸಲು ಪ್ರವಾದಿ(ಸ) ಆದೇಶಿಸಿದ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಮೊದಲಿನ ಎರಡನ್ನು ನಮ್ಮ ಜಮಾಅತ್‌ಗಳು ಚೆನ್ನಾಗಿ ಮಾಡುತ್ತಿವೆ. ಮೂರನೆಯದು ಹಿಂದೆ ಬಿದ್ದಿದೆ.

ಜಾಮೀನು ನಿಲ್ಲುವುದು ಎಂದರೆ ಅವನು ತಪ್ಪು ಮಾಡಿಲ್ಲ ಎಂದು ಹೇಳುವುದಲ್ಲ. ಕರೆದಾಗ ನ್ಯಾಯಾಲಯಕ್ಕೆ ಬರುತ್ತಾನೆ ಎಂಬುದಕ್ಕೆ ಹೊಣೆಯಾಗುವುದು. ಫಿಕ್ಹ್‌ನಲ್ಲಿ ಇದಕ್ಕೆ ಕಫಾಲತ್ ಎನ್ನುತ್ತಾರೆ. ವಿದ್ವಾಂಸರು ಇದಕ್ಕೆ ಸೂರಃ ಯೂಸುಫ್‌ನಿಂದಲೇ (12:72) ಆಧಾರ ಕೊಡುತ್ತಾರೆ. ಅಪಾಯವಿಲ್ಲ ಎಂದು ನಾವು ಹೇಳುವುದಿಲ್ಲ. ಆರೋಪಿ ತಲೆಮರೆಸಿಕೊಂಡರೆ ಜಾಮೀನುದಾರರು ಮುಚ್ಚಳಿಕೆಯ ಮೊತ್ತ ಕಟ್ಟಬೇಕಾಗಬಹುದು. ಆದ್ದರಿಂದ ಒಬ್ಬರ ಮೇಲೆ ಹೊರೆ ಹಾಕುವ ಬದಲು ಜಮಾಅತ್ ಒಟ್ಟಾಗಿ ಯೋಚಿಸಲಿ. ಹುಡುಗನನ್ನು ಬಲ್ಲ ಇಬ್ಬರು ಹಿರಿಯರು ನಿಲ್ಲಲಿ, ಅವರಿಗೆ ನಷ್ಟವಾದರೆ ತುಂಬಿಕೊಡಲು ಸದಕಾದ ಒಂದು ನಿಧಿ ಇರಲಿ, ವಿಚಾರಣೆಯ ದಿನ ಅವನನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಹೊಣೆ ಒಬ್ಬ ಯುವಕನಿಗಿರಲಿ. ಈ ಕೆಲಸಕ್ಕೆ ಝಕಾತ್ ಬಳಸಬಹುದೇ ಎಂಬುದನ್ನು ತಮ್ಮ ಊರಿನ ಉಲಮಾಗಳಲ್ಲಿ ಕೇಳಿ ತೀರ್ಮಾನಿಸಲಿ. ನೆರವು ನೀಡುವಾಗ ಧರ್ಮ ನೋಡಬೇಕಾಗಿಲ್ಲ. ಬದ್ರ್‌ನ ಸೆರೆಯಾಳುಗಳು ಮುಸ್ಲಿಮರಾಗಿರಲಿಲ್ಲ.

ಮನೆಯವರಲ್ಲೂ ಒಂದು ಮಾತು. ಮುಚ್ಚಿಡಬೇಡಿ. ಪ್ರಕರಣದ ಸಂಖ್ಯೆ, ಸೆಕ್ಷನ್‌ಗಳು, ಬಂಧನದ ದಿನಾಂಕ, ಮುಂದಿನ ವಿಚಾರಣೆಯ ದಿನಾಂಕ, ವಕೀಲರ ಫೋನ್ ನಂಬರ್ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಲಾಕಾತ್‌ಗೆ ತಪ್ಪದೆ ಹೋಗಿ. ಮನೆಯವರು ಬರುತ್ತಾರೆಂಬ ಭರವಸೆ ಇದ್ದವನು ಒಳಗಿನ ಕೆಟ್ಟ ಸಹವಾಸಕ್ಕೆ ಸುಲಭವಾಗಿ ಬೀಳುವುದಿಲ್ಲ. ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಂತೆ ನಿಜ ಹೇಳಿ. ಶಾಲೆ ಬಿಡಿಸಬೇಡಿ.

ಕೊನೆಗೆ, ಹೊರಗೆ ಬಂದವನ ವಿಷಯ. ಕೆಲಸ ಕೊಡುವವರಿಲ್ಲ, ಬಾಡಿಗೆ ಮನೆ ಸಿಗುವುದಿಲ್ಲ, ತಂಗಿಯ ಮದುವೆ ಮಾತುಕತೆ ಮುರಿಯುತ್ತದೆ. ಹಳೆಯ ಸಹವಾಸ ಮಾತ್ರ ಬಾಗಿಲು ತೆರೆದು ಕಾಯುತ್ತಿರುತ್ತದೆ. ಮದ್ಯ ಸೇವಿಸಿದ್ದಕ್ಕೆ ಶಿಕ್ಷೆ ಅನುಭವಿಸಿದ ಒಬ್ಬನನ್ನು ಜನ ಶಪಿಸಿದಾಗ ಪ್ರವಾದಿ(ಸ) ತಡೆದರು, ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿ ಎಂಬ ಅರ್ಥದ ಮಾತು ಹೇಳಿದರು. ಶಿಕ್ಷೆ ಮುಗಿದ ಮೇಲೂ ನಾವು ಶಿಕ್ಷಿಸುತ್ತಿದ್ದರೆ, ಆ ಎಚ್ಚರಿಕೆ ನಮಗೇ ಸಲ್ಲುತ್ತದೆ. ಗ್ಯಾರೇಜು, ಅಂಗಡಿ, ಕಟ್ಟಡದ ಕೆಲಸ ನಡೆಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಬ್ಬೊಬ್ಬರು ಒಬ್ಬನಿಗೆ ಕೆಲಸ ಕೊಟ್ಟರೆ ಸಾಕು.

ಯೂಸುಫ್(ಅ) ಅರಸನ ಕರೆ ಬಂದ ಕೂಡಲೇ ಓಡಿ ಬರಲಿಲ್ಲ. ತಮ್ಮ ಮೇಲಿನ ಆರೋಪದ ಸತ್ಯ ಮೊದಲು ಹೊರಬರಲಿ ಎಂದರು (12:50). ಹೊರಬಂದ ಅವರಿಗೆ ಆ ನಾಡಿನ ಕಣಜಗಳನ್ನೇ ಒಪ್ಪಿಸಲಾಯಿತು. ಮುಂದೆ ತಂದೆಯ ಮುಂದೆ ಅಲ್ಲಾಹನ ಅನುಗ್ರಹಗಳನ್ನು ನೆನೆಯುವಾಗ ಸೆರೆಯಿಂದ ಬಿಡುಗಡೆ ಸಿಕ್ಕಿದ್ದನ್ನು ನೆನೆದರು (12:100). ತಾವು ಸೆರೆಮನೆಯಲ್ಲಿದ್ದೆ ಎಂದು ಹೇಳಲು ಅವರಿಗೆ ನಾಚಿಕೆಯಾಗಲಿಲ್ಲ.

ಆ ಯುವಕ ಈಗ ಜುಮಾಕ್ಕೆ ಬರುತ್ತಿದ್ದಾನೆ. ಕೊನೆಯ ಸಾಲಿನಲ್ಲಿ ಕೂರುತ್ತಾನೆ, ಸಲಾಮ್ ಹೇಳಿದೊಡನೆ ಎದ್ದು ಹೋಗುತ್ತಾನೆ. ಅವನ ವಿಚಾರಣೆ ಇನ್ನೂ ಮುಗಿದಿಲ್ಲ. ತೀರ್ಪು ನ್ಯಾಯಾಲಯದ ಕೆಲಸ. ಅವನ ಪಕ್ಕದಲ್ಲಿ ಕುಳಿತು ಯೋಗಕ್ಷೇಮ ವಿಚಾರಿಸುವುದು ನಮ್ಮ ಕೆಲಸ. ಸೆರೆಯಲ್ಲಿರುವ ಎಲ್ಲ ನಿರಪರಾಧಿಗಳಿಗೆ ಅಲ್ಲಾಹನು ಬಿಡುಗಡೆಯನ್ನೂ, ತಪ್ಪಿತಸ್ಥರಿಗೆ ತೌಬಾದ ಭಾಗ್ಯವನ್ನೂ, ನೊಂದವರಿಗೆ ನ್ಯಾಯವನ್ನೂ, ಹೊರಗಿರುವ ನಮಗೆ ಅವರನ್ನು ಮರೆಯದಿರುವ ಮನಸ್ಸನ್ನೂ ಕರುಣಿಸಲಿ. ಆಮೀನ್.